ಮಂಗನ ಕಾಯಿಲೆ, 30 ನಿಮಿಷ: ಒಂದು ವಿಜ್ಞಾನ ನಾಟಕದ ತಾಲೀಮು ದಾಖಲೆ

ವಾರ 1: ವಸ್ತು, ಪದಗಳ ಲೆಕ್ಕ

ಪ್ರೌಢಶಾಲಾ ವಿಜ್ಞಾನ ನಾಟಕ ಸ್ಪರ್ಧೆ. ಗರಿಷ್ಠ 30 ನಿಮಿಷ, ರಂಗದ ಮೇಲೆ ಎಂಟು ಮಕ್ಕಳು. ಜಿಲ್ಲೆ, ರಾಜ್ಯ ದಾಟಿದವರಿಗೆ ದಕ್ಷಿಣ ಭಾರತ ಮಟ್ಟ. ಆ ಹಂತದ ಸ್ಪರ್ಧೆ ಸಂಘಟಿಸುವುದು ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ.

ವಸ್ತು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಊರುಗಳಲ್ಲಿ ಜ್ವರ ಎದ್ದಿತು. ಸಂಶೋಧಕರ ಮೊದಲ ಗುಮಾನಿ ಹಳದಿ ಜ್ವರದ ಮೇಲೆ, ಅಂದರೆ ಸೊಳ್ಳೆಯ ಮೇಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದ್ದು ಬೇರೆಯೇ ವೈರಸ್. ಅದನ್ನು ಹೊತ್ತು ತಿರುಗುವುದು ಉಣುಗು, ಪ್ರಾಣಿಗಳ ಮೈಗೆ ಅಂಟಿ ರಕ್ತ ಹೀರುವ ಸಣ್ಣ ಜೀವಿ. ಆರೋಪ ಮಂಗನ ಮೇಲೆ, ಗುಮಾನಿ ಸೊಳ್ಳೆಯ ಮೇಲೆ, ಕೆಲಸ ಉಣುಗಿನದು: ಪತ್ತೇದಾರಿ ಕಥೆಗೆ ಇದಕ್ಕಿಂತ ಏನು ಬೇಕು. 'ಪರಿಸರ ಉಳಿಸಿ' ಎಂದು ಎಂಟು ಮಕ್ಕಳು ಸಾಲಾಗಿ ನಿಂತು ಘೋಷಣೆ ಕೂಗುವ ನಾಟಕಗಳ ನಡುವೆ ಕಥೆ ಇರುವ ನಾಟಕ ತಾನಾಗಿಯೇ ಎದ್ದು ಕಾಣುತ್ತದೆ.

ಮೊದಲ ಕರಡು 3,100 ಪದ. ಮಕ್ಕಳು ರಂಗದ ಮೇಲೆ ಸ್ಪಷ್ಟವಾಗಿ ಆಡುವ ಕನ್ನಡ ನಿಮಿಷಕ್ಕೆ ಸುಮಾರು 95 ಪದ. ಅಂದರೆ ಬರೀ ಮಾತಿಗೇ 32 ನಿಮಿಷ. ಹಾಡು, ಓಡಾಟ, ಮೌನ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಗುರಿ 2,000 ಪದ, ಪೂರ್ತಿ ಓಟ (ಮೊದಲಿಂದ ಕೊನೆಯವರೆಗೆ ಒಂದೇ ಸಲ ಆಡುವುದು) 27 ನಿಮಿಷ. ಉಳಿದ ಮೂರು ನಿಮಿಷ ಚಪ್ಪಾಳೆಗೆ, ನಗುವಿಗೆ, ಕೈಕೊಡುವ ಮೈಕಿಗೆ.

ವಾರ 2: ವಿಜ್ಞಾನದ ತಪ್ಪುಗಳ ಬೇಟೆ

ತೀರ್ಪುಗಾರರಲ್ಲಿ ವಿಜ್ಞಾನ ಬಲ್ಲವರು ಇದ್ದೇ ಇರುತ್ತಾರೆ, ವಿಷಯದ ತಿರುಳಿಗೆ ಬೇರೆಯೇ ಅಂಕ ಇರುತ್ತದೆ. ಕರಡಿನಲ್ಲಿ ಸಿಕ್ಕಿಬಿದ್ದವು:

'ಮಂಗ ಕಚ್ಚಿ ರೋಗ ಬಂತು.' ತಪ್ಪು. ಮಂಗನೂ ರೋಗಿಯೇ. ಅದು ಸತ್ತಾಗ ಮೈಮೇಲಿನ ಉಣುಗುಗಳು ಹೆಣ ಬಿಟ್ಟು ಸುತ್ತ ಹರಡುತ್ತವೆ. ಅಪಾಯ ಇರುವುದು ಅಲ್ಲಿ.

'ಬ್ಯಾಕ್ಟೀರಿಯಾ.' ಒಂದೇ ಪದ, ಆದರೆ ಇಡೀ ನಾಟಕ ಮುಳುಗಿಸಲು ಸಾಕು. ಇದು ವೈರಸ್.

'ಅಪ್ಪನಿಂದ ಮಗಳಿಗೆ ಅಂಟಿತು.' ಭಾವುಕ ದೃಶ್ಯ, ಬರೆದವರಿಗೆ ಬಹಳ ಪ್ರೀತಿ. ಆದರೆ ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಈಗ ಅಪ್ಪ ಮಗಳು ಇಬ್ಬರೂ ತರಗೆಲೆ ಗುಡಿಸಲು ಕಾಡಿಗೆ ಹೋಗುತ್ತಾರೆ. ದೃಶ್ಯ ಉಳಿಯಿತು, ಕಾರಣ ಬದಲಾಯಿತು. ನಿಜ ಹೇಳಬೇಕೆಂದರೆ ಹೊಸ ದೃಶ್ಯವೇ ಚೆನ್ನಾಗಿದೆ: ಕೊಟ್ಟಿಗೆಗೆ ಸೊಪ್ಪು ತರುವ ದಿನನಿತ್ಯದ ಕೆಲಸವೇ ಅಪಾಯ ಎನ್ನುವುದು ಮಲೆನಾಡಿನ ಪ್ರೇಕ್ಷಕರಿಗೆ ವಿವರಿಸದೆಯೂ ತಟ್ಟುತ್ತದೆ.

ಓಟ 1: 38 ನಿ. 40 ಸೆ. (ಕೈಯಲ್ಲಿ ಹಾಳೆ ಹಿಡಿದು)

ವಾರ 3: ಪೆಟ್ಟಿಗೆ, ಹಾಳೆ

ರಂಗಸಜ್ಜಿಕೆ ಎಂದರೆ ನಾಲ್ಕು ಪೆಟ್ಟಿಗೆ, ಅಷ್ಟೇ. ಅವೇ ಬಂಡೆ, ಹಾಸಿಗೆ, ಪ್ರಯೋಗಾಲಯದ ಮೇಜು, ಜೀಪು. 8x4 ಅಡಿಯ 12 ಮಿ.ಮೀ. ಪ್ಲೈವುಡ್ ಹಾಳೆಯಿಂದ 18 ಇಂಚಿನ ಚೌಕಗಳು ಸರಿಯಾಗಿ ಹತ್ತು ಬರುತ್ತವೆ: ಉದ್ದಕ್ಕೆ ಐದು, ಅಗಲಕ್ಕೆ ಎರಡು. ತಳ ತೆರೆದ ಪೆಟ್ಟಿಗೆಗೆ ಐದು ಚೌಕ ಬೇಕು. ಹಾಗಾಗಿ ಒಂದು ಹಾಳೆಗೆ ಎರಡು ಪೆಟ್ಟಿಗೆ, ಎರಡು ಹಾಳೆಗೆ ನಾಲ್ಕು. ನಾಲ್ಕು ಬದಿಗಳನ್ನು ಸುತ್ತುಬಾಗಿಲಿನಂತೆ ಒಂದರ ಅಂಚಿಗೆ ಇನ್ನೊಂದನ್ನು ತಾಗಿಸಿ ಜೋಡಿಸಿದರೆ ಹೊರಗಿನ ಅಳತೆ 12 ಮಿ.ಮೀ. ಹೆಚ್ಚುತ್ತದೆ, ಮೇಲಿನ ಚೌಕ ಎಲ್ಲ ಕಡೆ 6 ಮಿ.ಮೀ. ಒಳಗೆ ಕೂರುತ್ತದೆ. ಆ ಅಂಚನ್ನು ಉಜ್ಜಿ ದುಂಡಗೆ ಮಾಡದಿದ್ದರೆ ಮಕ್ಕಳ ಮೊಣಕಾಲು ಕೆತ್ತುತ್ತದೆ. ಒಳಮೂಲೆಗಳಿಗೆ ಒಂದು ಇಂಚಿನ ಮರದ ಪಟ್ಟಿ, ಅಂಟು, ಸ್ಕ್ರೂ. ಮೊಳೆ ಬೇಡ: ಮೂರನೇ ತಾಲೀಮಿಗೇ ಅಲ್ಲಾಡತೊಡಗುತ್ತದೆ. ಒಂದರ ತೂಕ ಎಂಟು ಕೆ.ಜಿ. ಮೇಲೆ, ಎದುರುಬದುರು ಬದಿಗಳಲ್ಲಿ ಕೈಹಿಡಿ ತೂತು ಕೊರೆದರೆ ಒಂಬತ್ತನೇ ತರಗತಿಯ ಮಗು ಒಬ್ಬರೇ ಹೊರಬಹುದು.

ಉಣುಗಿನ ಬೆನ್ನುಕವಚಕ್ಕೆ ಅಡಿಕೆ ಹಾಳೆ. ಒಣ ಹಾಳೆಯನ್ನು ಹಾಗೇ ಬಗ್ಗಿಸಿದರೆ ನಾರಿನ ಗುಂಟ ಸೀಳುತ್ತದೆ. ಅರ್ಧ ಗಂಟೆ ನೀರಲ್ಲಿ ನೆನೆಸಿ, ಬೋರಲು ಹಾಕಿದ ಬುಟ್ಟಿಯ ಮೇಲೆ ಬಗ್ಗಿಸಿ, ಹಗ್ಗ ಸುತ್ತಿ, ನೆರಳಲ್ಲಿ ಎರಡು ದಿನ ಬಿಡಬೇಕು. ಬಿಸಿಲಿಗಿಟ್ಟ ಮೊದಲ ಎರಡು ಕವಚಗಳು ಅಂಚಿನಲ್ಲಿ ಸುರುಳಿ ಸುತ್ತಿ ಹಾಳಾದವು. ಮಿಕ್ಕ ತುಂಡೂ ವ್ಯರ್ಥವಲ್ಲ: ದಪ್ಪ ಹಾಳೆಯನ್ನು ಪೆಟ್ಟಿಗೆಯ ಮೇಲೆ ಬಡಿದರೆ ಮಂಗ ಮರದಿಂದ ಬೀಳುವ ಸದ್ದು. ಧ್ವನಿಮುದ್ರಿತ ಸದ್ದಿಗಿಂತ ಇದೇ ಮೇಲು, ಏಕೆಂದರೆ ನಟ ಬಿದ್ದ ಕ್ಷಣಕ್ಕೇ ಬಡಿಯಬಹುದು.

ಓಟ 2: 33 ನಿ. 10 ಸೆ.

ವಾರ 4: ನೆರಳು

ಉಣುಗಿನ ಮರಿ ಎಳ್ಳುಕಾಳಿಗಿಂತ ಚಿಕ್ಕದು. ಅದನ್ನು ಹತ್ತನೇ ಸಾಲಿನವರಿಗೆ ತೋರಿಸುವುದು ಹೇಗೆ? ತೊಗಲುಗೊಂಬೆಯವರ ದಾರಿ: ಪರದೆ, ಹಿಂದೆ ದೀಪ, ನಡುವೆ ರಟ್ಟಿನ ಆಕೃತಿ. ಪರದೆ 6x4 ಅಡಿಯ ಬಿಳಿ ಹತ್ತಿ ಬಟ್ಟೆ. ಒದ್ದೆ ಮಾಡಿ ಚೌಕಟ್ಟಿಗೆ ಬಿಗಿದರೆ ಒಣಗುವಾಗ ಸುಕ್ಕು ತಾನೇ ಹೋಗುತ್ತದೆ.

ಎಡವಟ್ಟಾದದ್ದು ದೀಪದಲ್ಲಿ. 20 ಸೆಂ.ಮೀ. ಅಗಲದ ಎಲ್‌ಇಡಿ ಪ್ಯಾನೆಲ್ ಇಟ್ಟಾಗ ಉಣುಗು ಮೋಡದ ಹಾಗೆ ಕಂಡಿತು. ಕಾರಣ ಸರಳ. ದೀಪದಿಂದ ಪರದೆಗೆ 6 ಅಡಿ, ಆಕೃತಿ ನಟ್ಟನಡುವೆ 3 ಅಡಿಯಲ್ಲಿ ಇದ್ದರೆ ನೆರಳು ಎರಡು ಪಟ್ಟು ದೊಡ್ಡದಾಗುತ್ತದೆ, ಆದರೆ ಅಂಚಿನ ಮಸುಕು ದೀಪದ ಅಗಲದಷ್ಟೇ ಇರುತ್ತದೆ: 20 ಸೆಂ.ಮೀ. ದೀಪಕ್ಕೆ 20 ಸೆಂ.ಮೀ. ಮಸುಕು. 2 ಸೆಂ.ಮೀ. ಚಿಪ್ ಇರುವ 10 ವ್ಯಾಟ್‌ನ ಎಲ್‌ಇಡಿಗೆ ಬದಲಾಯಿಸಿ, ಮುಂದಿನ ಹಾಲುಗಾಜು ತೆಗೆದಾಗ ಕಾಲಿನ ಕೊಕ್ಕೆಗಳೂ ಕಂಡವು. ಮೊಬೈಲ್ ಟಾರ್ಚ್ ಇನ್ನೂ ಚೂಪು, ಆದರೆ ಬೆಳಕು ಸಾಲದು. ಆಕೃತಿಯನ್ನು ಪರದೆಯಿಂದ ದೀಪದತ್ತ ಮೆಲ್ಲಗೆ ಸರಿಸಿದಾಗ ಉಣುಗು ಬೆಳೆಯುತ್ತ ಹೋಗಿ ಇಡೀ ಪರದೆ ನುಂಗುತ್ತದೆ. ಆರು ಸೆಕೆಂಡಿನ ಈ ಚಲನೆಗೆ ಸಭಾಂಗಣ ತೆಪ್ಪಗಾಗುತ್ತದೆ.

ಆದರೆ ಸ್ಪರ್ಧೆ ಹಗಲು ಹೊತ್ತಿನಲ್ಲಿ. ಎರಡೂ ಬದಿ ಕಿಟಕಿ, ಪರದೆಬಟ್ಟೆ ಇಲ್ಲದ ಸಭಾಂಗಣವೇ ಸಿಗುತ್ತದೆ ಎಂದುಕೊಂಡು ತಯಾರಾಗಬೇಕು. ಬೆಳಗ್ಗೆ ಹನ್ನೊಂದಕ್ಕೆ ಕಿಟಕಿ ತೆರೆದು ನೋಡಿದಾಗ ನೆರಳು ಮಾಯ. ಹಾಗಾಗಿ ಎರಡನೇ ಆವೃತ್ತಿಯೂ ಸಿದ್ಧ: ಅದೇ ಹಾಡು, ಅದೇ ಆರು ಸೆಕೆಂಡು, ಹಾಳೆಕವಚ ತೊಟ್ಟ ನಟಿ ಪೆಟ್ಟಿಗೆಯ ಹಿಂದಿನಿಂದ ಏಳುತ್ತಾಳೆ, ಇನ್ನಿಬ್ಬರು ಅವಳ ಬೆನ್ನಿಗೆ ಕಾಲುಗಳಾಗಿ ಸೇರುತ್ತಾರೆ. ಯಾವುದನ್ನು ಆಡಬೇಕೆಂಬ ತೀರ್ಮಾನ ಸಭಾಂಗಣ ನೋಡಿದ ಮೇಲೆ. ಹೇಳುವುದು ಒಬ್ಬರೇ, ಒಂದೇ ಸಲ.

ಓಟ 3: 29 ನಿ. 05 ಸೆ.

ವಾರ 5: ಗಡಿಯಾರ ಹಿಂದಕ್ಕೆ

ಓಟ 4: 31 ನಿ. 20 ಸೆ. ಕಡಿಮೆಯಾಗಬೇಕಿದ್ದದ್ದು ಏರಿತು. ಅಂದು ಮೊದಲ ಬಾರಿ ವೇಷ ತೊಟ್ಟು ಆಡಿದ್ದು. ಎಂಟು ಮಕ್ಕಳಿಗೆ 21 ಪಾತ್ರ. ಪ್ರತಿ ಬದಲಾವಣೆಯನ್ನೂ ಗಡಿಯಾರ ಹಿಡಿದು ಅಳೆದಾಗ ಪಂಚೆ ಉಡುವುದಕ್ಕೇ 40 ಸೆಕೆಂಡು ಎಂದು ತಿಳಿಯಿತು. ಪರಿಹಾರ: ಎಲ್ಲರಿಗೂ ಕಪ್ಪು ಟೀ ಶರ್ಟ್, ಕಪ್ಪು ಪ್ಯಾಂಟ್, ಪಾತ್ರಕ್ಕೊಂದೇ ಗುರುತು. ವೈದ್ಯರಿಗೆ ಬಿಳಿ ಕೋಟು, ಅಪ್ಪನಿಗೆ ಹೆಗಲ ಟವೆಲ್, ಅಜ್ಜಿಗೆ ತಲೆಯ ಮೇಲೆ ಸೆರಗು. ಗುಂಡಿ ಇಲ್ಲ, ಲಾಡಿ ಇಲ್ಲ, ವೆಲ್ಕ್ರೋ ಮಾತ್ರ. ಈಗ ಅತಿ ದೀರ್ಘ ಬದಲಾವಣೆ 9 ಸೆಕೆಂಡು. ವೆಲ್ಕ್ರೋ ಬಿಚ್ಚುವ ಪರ್‌ ಸದ್ದು ಮೈಕಿಗೆ ಕೇಳುತ್ತದೆ. ಆ ಕ್ಷಣಕ್ಕೆ ತಮಟೆಯ ಎರಡು ಪೆಟ್ಟು ಕೂಡಿಸಿದೆ.

ಮೈಕಿನದು ಇನ್ನೊಂದು ಪಾಡು. ರಂಗದ ಮುಂದೆ ಎರಡೋ ಮೂರೋ ನಿಲ್ಲಿಸಿದ ಮೈಕು ಸಿಗುತ್ತವೆ. ಮಕ್ಕಳು ತಮಗೇ ತಿಳಿಯದೆ ಅದರ ಕಡೆ ಜಾರಿ, ಕೊನೆಗೆ ವಾದ್ಯಗೋಷ್ಠಿಯ ಗಾಯಕರಂತೆ ಸಾಲುಗಟ್ಟುತ್ತಾರೆ. ಗದರಿದರೆ ಪ್ರಯೋಜನವಿಲ್ಲ. ಮುಖ್ಯ ಮಾತು ಬರುವ ಆರು ಜಾಗಗಳನ್ನು ಮೈಕಿನಿಂದ ನಾಲ್ಕು ಅಡಿಯೊಳಗೇ ಗೊತ್ತುಮಾಡಿ, ಹಿಂದಿನ ಜಾಗಗಳನ್ನು ಹಾಡಿಗೂ ಮೂಕಾಭಿನಯಕ್ಕೂ ಬಿಟ್ಟಾಗ ಸಾಲು ಒಡೆಯಿತು. ಮೈಕು ಸತ್ತರೆ? ವಾರಕ್ಕೊಂದು ತಾಲೀಮು ಆಟದ ಮೈದಾನದಲ್ಲಿ, ಮೈಕಿಲ್ಲದೆ, ಗಾಳಿಗೆ ಎದುರಾಗಿ.

ರಂಗದ ಅಳತೆಯನ್ನೂ ನಂಬುವಂತಿಲ್ಲ. ಸುಣ್ಣದ ಪುಡಿಯಲ್ಲಿ 24x16 ಅಡಿ ಒಂದು, 16x12 ಅಡಿ ಇನ್ನೊಂದು ಚೌಕ ಹಾಕಿ ಎರಡರಲ್ಲೂ ಆಡಿಸುತ್ತಿದೆ. ಚಿಕ್ಕದರಲ್ಲಿ ಜೀಪಿನ ದೃಶ್ಯ ಬಂಡೆಗೆ ಗುದ್ದಿತು. ಒಂದು ಪೆಟ್ಟಿಗೆಯನ್ನು ಮೊದಲೇ ಪಕ್ಕಕ್ಕೆ ಒಯ್ಯುವ ಕೆಲಸ ಮಂಗನಿಗೆ ವಹಿಸಿದೆ. ಮಂಗ ಬಂಡೆ ಹೊತ್ತು ಹೋದಾಗ ನೋಡುಗರು ನಕ್ಕರು. ಇರಲಿ, ಸಾವಿನ ದೃಶ್ಯಕ್ಕೆ ಮುಂಚೆ ಒಂದು ನಗು ಒಳ್ಳೆಯದೇ.

ಓಟ 5: 27 ನಿ. 50 ಸೆ.

ವಾರ 6: ಇನ್ನೂ ಉಳಿದದ್ದು

ಪೆಟ್ಟಿಗೆ, ಪರದೆ, ದೀಪ ಜೋಡಿಸಲು 3 ನಿ. 15 ಸೆ. ಹಿಡಿಯುತ್ತಿದೆ, ಎರಡು ನಿಮಿಷಕ್ಕೆ ಇಳಿಯಬೇಕು. ಪರದೆಯ ಕಾಲುಗಳಿಗೆ ನಟ್ಟು ತಿರುಗಿಸುವುದೇ ತಡ, ಚಿಟ್ಟೆ ನಟ್ಟು ತರಬೇಕು. 15 ಮೀಟರ್ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್, ಮೂರು ಪಿನ್ನನ್ನು ಎರಡಕ್ಕೆ ಇಳಿಸುವ ಪ್ಲಗ್, ಬಿಡಿ ಎಲ್‌ಇಡಿ ಒಂದು.

ಚೀಟಿ ಎತ್ತಿದಾಗ ಮೊದಲನೇ ನಂಬರ್ ಬಂದರೆ ಖಾಲಿ ಕುರ್ಚಿಗಳಿಗೆ ಆಡಬೇಕಾದೀತು, ಆಗ ನಗುವಿಗೆಂದು ಬಿಟ್ಟ ವಿರಾಮಗಳು ಮುಜುಗರವಾಗುತ್ತವೆ. ಅದಕ್ಕೆ ನಾಲ್ಕು ಕಡೆ 'ಯಾರೂ ನಗದಿದ್ದರೆ ನೇರ ಮುಂದಿನ ಮಾತು' ಎಂದು ಸ್ಕ್ರಿಪ್ಟಿನಲ್ಲಿ ಕೆಂಪು ಗೆರೆ. ಊಟದ ನಂತರದ ನಂಬರ್ ಬಂದರೆ ಮೊದಲ ಹಾಡಿಗೆ ತಮಟೆ ಇಬ್ಬರು.

ಸಮಯದ ಎಚ್ಚರಿಕೆಗೆಂದು 25ನೇ ನಿಮಿಷಕ್ಕೆ ನಮ್ಮದೇ ಗಂಟೆ ಬಾರಿಸಿ ಆಡಿಸಿದಾಗ ಇಬ್ಬರು ಬೆಚ್ಚಿ ಎರಡು ಮಾತು ನುಂಗಿದರು. ಅದರಲ್ಲೊಂದು 'ಉಣುಗು' ಎಂಬ ಉತ್ತರ, ಅಂದರೆ ಇಡೀ ಪತ್ತೇದಾರಿಯ ಫಲ. ಆ ಉತ್ತರವನ್ನು 23ನೇ ನಿಮಿಷಕ್ಕೆ ಹಿಂದಕ್ಕೆ ತಂದಿದೆ. ಗಂಟೆಯ ಜೊತೆಗೆ ಮತ್ತೊಂದು ಓಟ ಶುಕ್ರವಾರ ಸಂಜೆ ನಾಲ್ಕಕ್ಕೆ, ಚಿಕ್ಕ ಚೌಕದಲ್ಲಿ, ಕಿಟಕಿ ತೆರೆದು.