ಇನ್ನೂ ಇನ್ನೂರು ಅಡಿ ಹೋದರೆ ನೀರು ಬರುತ್ತದೆಯೇ?

ಈ ಪ್ರಶ್ನೆ ನನಗೆ ಸಾಮಾನ್ಯವಾಗಿ ರಾತ್ರಿ ಹನ್ನೊಂದರ ಮೇಲೆ, ಮೊಬೈಲಿನಲ್ಲಿ, ಕಂಪ್ರೆಸರ್ ಮೊರೆತದ ನಡುವೆಯೇ ಬರುತ್ತದೆ. ಮೊನ್ನೆ ಕೇಳಿದವನು ನಾಗಮಂಗಲದ ಕಡೆ ತೆಂಗಿನ ತೋಟ ಮಾಡಿಕೊಂಡಿರುವ ನನ್ನ ಅಣ್ಣನ ಮಗ. "ಚಿಕ್ಕಪ್ಪ, ಕೊಳವೆಬಾವಿ ಎಂಟುನೂರು ಅಡಿ ಆಯಿತು, ಬರೀ ದೂಳು. ರಿಗ್‌ನವರು ಇನ್ನೂ ಇನ್ನೂರು ಅಡಿ ನೋಡೋಣ ಎನ್ನುತ್ತಿದ್ದಾರೆ. ಹೋಗಲೇ?" ಪಕ್ಕದ ಹೊಲದಲ್ಲಿ ಇನ್ನೂರೈವತ್ತು ಅಡಿಗೇ ಎರಡು ಇಂಚು ನೀರು ಬಿದ್ದಿದೆ. ಅದು ಅವನ ಹೊಟ್ಟೆಯುರಿ.

ಬೇಡ ಎಂದೆ. ಯಾಕೆ ಬೇಡ ಎಂಬುದನ್ನು ಆ ಗದ್ದಲದಲ್ಲಿ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಮೈಸೂರಿಗೆ ಬಂದು ನೆಲೆಸುವ ಮೊದಲು ನನ್ನ ಕೆಲಸ ತೈಲಬಾವಿಗಳಿಂದ ತೆಗೆದ ಕಲ್ಲನ್ನು ಹಿಂಡಿ ನೋಡುವುದಾಗಿತ್ತು. ತೈಲವೋ ಅನಿಲವೋ ತುಂಬಿಕೊಂಡ ಕಲ್ಲಿಗೆ ಆ ಲೋಕದಲ್ಲಿ ರಿಸರ್ವಾಯರ್ ಎನ್ನುತ್ತಾರೆ. (ಮಂಡ್ಯದಲ್ಲಿ ಈ ಪದ ಬಳಸಿದರೆ "ಎಷ್ಟಿದೆ ಸಾರ್, 124.80 ಮುಟ್ಟಿತೇ?" ಎಂದು ಕನ್ನಂಬಾಡಿಯ ಮಟ್ಟ ಕೇಳುತ್ತಾರೆ.) ಒಂದೂವರೆ ಇಂಚು ಅಡ್ಡಳತೆಯ ಕಲ್ಲಿನ ತುಂಡನ್ನು ರಬ್ಬರ್ ತೋಳಿನೊಳಗೆ ತೂರಿಸಿ, ಉಕ್ಕಿನ ಉರುಳೆಯಲ್ಲಿಟ್ಟು, ಸುತ್ತಲೂ ಎಣ್ಣೆಯ ಒತ್ತಡ ಕೊಡುತ್ತಿದ್ದೆವು. ಒಂದು ತುದಿಯಿಂದ ನೈಟ್ರೋಜನ್ ಬಿಟ್ಟು ಇನ್ನೊಂದು ತುದಿಯಲ್ಲಿ ಎಷ್ಟು ಬರುತ್ತದೆಂದು ಅಳೆಯುವುದು. ಕಲ್ಲಿನ ಹರಿಯಗೊಡುವ ಗುಣವನ್ನು, ಅಂದರೆ ಪರ್ಮಿಯಬಿಲಿಟಿಯನ್ನು, ಡಾರ್ಸಿ ಎಂಬ ಮಾನದಲ್ಲಿ ಹೇಳುತ್ತಾರೆ. ಫ್ರಾನ್ಸಿನ ದಿಜೋನ್ ಊರಿಗೆ ನೀರು ತಂದ ಎಂಜಿನಿಯರ್ ಆನ್ರಿ ಡಾರ್ಸಿ 1856ರಲ್ಲಿ ಮರಳಿನ ಮೂಲಕ ನೀರು ಹರಿಸಿ ಕಂಡುಕೊಂಡ ನಿಯಮದಿಂದ ಬಂದ ಹೆಸರು ಅದು.

ಬಿರುಕಿಲ್ಲದ ಮರಳುಗಲ್ಲಿನ ತುಂಡನ್ನು ಹಿಂಡಿದರೆ ಹರಿವು ಸ್ವಲ್ಪ ಇಳಿದು ಸುಮ್ಮನಾಗುತ್ತಿತ್ತು. ಬಿರುಕಿದ್ದ ತುಂಡಿನ ವರ್ತನೆಯೇ ಬೇರೆ. ಮೊದಲ ಕೆಲವು ಸುತ್ತು ಪಂಪ್ ಒತ್ತುವಷ್ಟರಲ್ಲೇ ಮಾಪಕದ ಮುಳ್ಳು ಜಾರಿ ಬೀಳುತ್ತಿತ್ತು. ಆಮೇಲೆ ಎಷ್ಟು ಒತ್ತಿದರೂ ಇಳಿತ ನಿಧಾನ. ನನಗೆ ಬೆರಗು ಹುಟ್ಟಿಸಿದ್ದು ಮರುದಾರಿ. ಒತ್ತಡವನ್ನು ಪೂರ್ತಿ ಬಿಟ್ಟುಕೊಟ್ಟರೂ ಹಳೆಯ ಹರಿವು ಮರಳುತ್ತಿರಲಿಲ್ಲ. ಬಿರುಕಿನ ಗೋಡೆಗಳ ಉಬ್ಬುಗಳು ಅಷ್ಟರಲ್ಲಿ ಅರೆದುಹೋಗಿರುತ್ತಿದ್ದವು.

ಮುಳ್ಳು ಹಾಗೆ ಬೀಳಲು ಲೆಕ್ಕ ಸರಳವಿದೆ. ಬಿರುಕಿನಲ್ಲಿ ಹರಿಯುವ ನೀರು ಅದರ ಅಗಲದ ಘನಕ್ಕೆ ಅನುಪಾತದಲ್ಲಿರುತ್ತದೆ. ಅಗಲ ಅರ್ಧವಾದರೆ ನೀರು ಅರ್ಧವಾಗುವುದಿಲ್ಲ, ಎಂಟರಲ್ಲೊಂದು ಪಾಲಾಗುತ್ತದೆ. ಕೂದಲಿನಷ್ಟು ಸಂದು ಕೂದಲಿನ ಅರ್ಧವಾದದ್ದನ್ನು ಕಣ್ಣು ಗುರುತಿಸದು. ಪಂಪು ಗುರುತಿಸುತ್ತದೆ.

ಇನ್ನು ನಾಗಮಂಗಲಕ್ಕೆ. ನಮ್ಮ ಕಾಲ ಕೆಳಗಿರುವ ನೈಸ್ ಮತ್ತು ಗ್ರಾನೈಟ್ ಕಲ್ಲುಗಳ ಮೈಯಲ್ಲಿ ನೀರಿಗೆ ದಾರಿಯೇ ಇಲ್ಲವೆನ್ನಬಹುದು. ಇರುವ ನೀರೆಲ್ಲ ಮೇಲಿನ ಶಿಥಿಲ ಪದರದಲ್ಲಿ, ಇಲ್ಲವೇ ರಿಗ್‌ನವರು ಗ್ಯಾಪ್ ಎಂದು ಕರೆಯುವ ಬಿರುಕುಗಳಲ್ಲಿ. ಆ ಬಿರುಕುಗಳ ಮೇಲೆ ಕಲ್ಲಿನ ಭಾರ ಕೂತಿದೆ. ಸಾವಿರ ಅಡಿ, ಅಂದರೆ ಸುಮಾರು 300 ಮೀಟರ್ ಆಳದಲ್ಲಿ ಮಲಗಿರುವ ಒಂದು ಬಿರುಕಿನ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು 80 ಕಿಲೋ ಭಾರ. ನೀರು ನೆಲಮಟ್ಟದವರೆಗೆ ತುಂಬಿದ್ದರೆ ಅದು ಒಳಗಿನಿಂದ 30 ಕಿಲೋದಷ್ಟು ಎತ್ತಿ ಹಿಡಿಯುತ್ತದೆ, ಬಿರುಕು ಹೊರುವುದು 50. ನೀರು 200 ಮೀಟರಿಗೆ ಇಳಿದರೆ ಎತ್ತುವ ಬಲ 10, ಹೊರುವ ಭಾರ 70. ಎಂದರೆ ಊರೆಲ್ಲ ಸೇರಿ ನೀರೆತ್ತಿದಾಗ ಬಿರುಕಿನಲ್ಲಿದ್ದ ನೀರಿನ ಜೊತೆಗೆ ಬಿರುಕನ್ನು ಎತ್ತಿ ಹಿಡಿದಿದ್ದ ಬಲವೂ ಹೋಗುತ್ತದೆ. ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ ಹೀಗೆ ಒಳಗಿನ ಒತ್ತಡ ಇಳಿದು, ಸೀಮೆಸುಣ್ಣದಂಥ ಮೆತ್ತನೆಯ ಕಲ್ಲು ಅಮುಕಿಕೊಂಡು, ಸಮುದ್ರದ ತಳವೇ ಕುಸಿಯಿತು. 1987ರಲ್ಲಿ ಉಕ್ಕಿನ ವೇದಿಕೆಗಳನ್ನು 6 ಮೀಟರ್ ಎತ್ತರಿಸಬೇಕಾಯಿತು. ನಮ್ಮ ಕಲ್ಲು ಗಟ್ಟಿ, ನೆಲ ಹಾಗೆ ಕುಸಿಯದು. ಆದರೆ ಆಳದ ಬಿರುಕು ಹಿಂಡಿಸಿಕೊಂಡು ಕಿರಿದಾಗುತ್ತದೆ, ನನ್ನ ಉರುಳೆಯಲ್ಲಿದ್ದ ತುಂಡಿನ ಹಾಗೆ.

ಮೇಲ್ಭಾಗದ ಕಥೆ ಇದಕ್ಕೆ ತಿರುವುಮುರುವು. ಚಾಮುಂಡಿ ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಗಟ್ಟಿಯಾದದ್ದು. ಮೇಲಿದ್ದದ್ದೆಲ್ಲ ಸವೆದುಹೋದಾಗ ಹೊರೆ ಇಳಿಸಿದ ಕೂಲಿಯವನಂತೆ ಕಲ್ಲು ಮೈ ಸಡಿಲಿಸುತ್ತದೆ, ಹಾಸು ಹಾಸಾಗಿ ಬಿಡುತ್ತದೆ. ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವ ಕಲ್ಲುಕುಟಿಗರು ಈ ಸಡಿಲವನ್ನು ಪುಸ್ತಕ ಓದದೆಯೇ ಬಲ್ಲರು. ಗಟ್ಟಿ ಕಲ್ಲಿನ ಸೀಮೆಯಲ್ಲಿ ನೀರು ಕೊಡುವ ಬಿರುಕುಗಳು ಬಹುಪಾಲು ಮೊದಲ ನೂರು ಮೀಟರಿನೊಳಗೇ ಸಿಗುವುದಕ್ಕೆ ಇದೂ ಒಂದು ಕಾರಣ. ಪಕ್ಕದ ಹೊಲದ ಇನ್ನೂರೈವತ್ತು ಅಡಿ ಅದೃಷ್ಟವೇನಲ್ಲ.

"ಹಾಗಾದರೆ ಸಾವಿರ ಅಡಿಯಲ್ಲಿ ನೀರು ಸಿಕ್ಕವರೂ ಇದ್ದಾರಲ್ಲ?" ಇದ್ದಾರೆ. ಆಳವಾದ ಬಿರುಕುಗಳೆಲ್ಲ ಮುಚ್ಚಿರುವುದಿಲ್ಲ. ವಿಯೆಟ್ನಾಮಿನ ಬಾಕ್ ಹೋ ಕ್ಷೇತ್ರದಲ್ಲಿ 1988ರಿಂದ ತೈಲ ಬರುತ್ತಿರುವುದು ಬಿರುಕುಬಿಟ್ಟ ಗ್ರಾನೈಟಿನಿಂದ. ಅಷ್ಟೇಕೆ, ನಮ್ಮ ಕಾವೇರಿ ಹೋಗಿ ಸಮುದ್ರ ಸೇರುವ ತಮಿಳುನಾಡಿನ ಕಡೆ, ಮಾದನಂ ಎಂಬಲ್ಲಿ, ಓಎನ್‌ಜಿಸಿಗೆ ತೈಲ ಸಿಕ್ಕಿದ್ದೂ ಇಂಥ ಪ್ರಾಚೀನ ತಳಗಲ್ಲಿನ ಬಿರುಕುಗಳಲ್ಲೇ.

ಒಡೆದ ಹೆಂಚಿನ ಎರಡು ಚೂರುಗಳನ್ನು ಸರಿಯಾಗಿ ಕೂಡಿಸಿದರೆ ಗೆರೆಯೂ ಕಾಣದು. ಒಂದನ್ನು ಕಾಳಿನಷ್ಟು ಪಕ್ಕಕ್ಕೆ ಸರಿಸಿ ನೋಡಿ, ಉಬ್ಬಿನ ಮೇಲೆ ಉಬ್ಬು ಕೂತು ಸಂದು ತೆರೆದುಕೊಳ್ಳುತ್ತದೆ, ಒತ್ತಿದರೂ ಮುಚ್ಚುವುದಿಲ್ಲ. ನೆಲದೊಳಗೂ ಅಷ್ಟೇ. ಭಾರತದ ಭೂಫಲಕ ಹಿಮಾಲಯಕ್ಕೆ ಒತ್ತಿಕೊಂಡಿರುವುದರಿಂದ ನಮ್ಮ ಕಲ್ಲಿನೊಳಗೂ ಸ್ಥೂಲವಾಗಿ ಉತ್ತರ–ಈಶಾನ್ಯ ದಿಕ್ಕಿನ ಬಿಗಿತವಿದೆ. ಆ ಬಿಗಿತಕ್ಕೆ ಅಡ್ಡವಾಗಿ ನಿಂತ ಬಿರುಕು ಹಿಂಡಿಸಿಕೊಳ್ಳುತ್ತದೆ, ಓರೆಯಾಗಿ ನಿಂತದ್ದು ಜಾರಲು ಹವಣಿಸುತ್ತದೆ. 1995ರಲ್ಲಿ ಬಾರ್ಟನ್, ಝೋಬ್ಯಾಕ್, ಮೂಸ್ ಎಂಬ ಮೂವರು ಭೂವಿಜ್ಞಾನಿಗಳು ಅಮೆರಿಕದ ಆಳವಾದ ಕೊಳವೆಬಾವಿಗಳಲ್ಲಿ ತೋರಿಸಿದ್ದು ಇದನ್ನೇ: ನೂರಾರು ಬಿರುಕುಗಳಲ್ಲಿ ನೀರು ಹರಿಸುವವು ಹೆಚ್ಚಾಗಿ ಜಾರುವ ಅಂಚಿನಲ್ಲಿರುವವು. ಉಳಿದವು ಇದ್ದೂ ಇಲ್ಲದಂತೆ.

ಆದ್ದರಿಂದ ಕೇಳಬೇಕಾದದ್ದು ಎಷ್ಟು ಆಳ ಎಂದಲ್ಲ, ಯಾವ ದಿಕ್ಕಿನ ಬಿರುಕು ಎಂದು. ಎಂಟುನೂರು ಅಡಿ ದೂಳು ಹಾರಿದ ಕೊಳವೆಯ ಕೆಳಗೆ ಅಂಥದೊಂದು ಕಾದಿರಬಹುದು. ಆದರೆ ಕೊಳವೆ ನೆಟ್ಟಗೆ ಇಳಿಯುತ್ತದೆ, ಆ ಬಿರುಕುಗಳೂ ಹೆಚ್ಚಾಗಿ ನೆಟ್ಟಗೇ ನಿಂತಿರುತ್ತವೆ. ಎರಡು ನೆಟ್ಟಗಿನ ಗೆರೆಗಳು ಇನ್ನೂರು ಅಡಿಯಲ್ಲಿ ಸಂಧಿಸುವ ಸಂಭವವೆಷ್ಟು? ಆಳಕ್ಕೆ ಹೋದಂತೆ ಅಡಿಯ ದರವೂ ಏರುವಾಗ, ಆ ಪಂದ್ಯವನ್ನು ನಾನಂತೂ ಕಟ್ಟುವುದಿಲ್ಲ.

ಹುಡುಗ ಎಂಟುನೂರ ಅರವತ್ತಕ್ಕೆ ನಿಲ್ಲಿಸಿದ. ಆ ಅರವತ್ತು ಅಡಿ ಯಾಕೆ ಎಂದು ನಾನು ಕೇಳಲಿಲ್ಲ. ಈಗ ನೀರಿನ ಒತ್ತಡ ಹಾಕಿ ಬಿರುಕು ಬಿಡಿಸುವವರನ್ನು ಕರೆಸಲೇ ಎನ್ನುತ್ತಿದ್ದಾನೆ. ಹತ್ತಿರದಲ್ಲಿ ಬಿರುಕಿದ್ದು ಮಣ್ಣು ಕಟ್ಟಿಕೊಂಡಿದ್ದರೆ ಅದು ಫಲಿಸುವುದುಂಟು. ಭಾನುವಾರ ಹೋಗಿ, ಅವನ ಹೊಲದ ಅಂಚಿನಲ್ಲಿರುವ ಹಳೆಯ ತೆರೆದ ಬಾವಿಗೆ ಇಳಿದು, ಗೋಡೆಯ ಬಿರುಕುಗಳ ದಿಕ್ಕನ್ನು ದಿಕ್ಸೂಚಿಯಲ್ಲಿ ನೋಡಿ ಬರಬೇಕೆಂದಿದ್ದೇನೆ.