ಕೆಂಪು ಮುಚ್ಚಳದ ಸಿರಿಂಜು

ದಾವಣಗೆರೆಯಲ್ಲಿ ತೋಳಿಗೆ ಅಂಟಿಸಿ ಸಕ್ಕರೆ ಅಳೆಯುವ ಗ್ಲೂಕೋಸ್ ಸೆನ್ಸರ್ ಮತ್ತು ಇನ್ಸುಲಿನ್ ಪೆನ್ನುಗಳ ಬಳಕೆಯ ಕುರಿತ ಅಧ್ಯಯನವೊಂದಕ್ಕೆ ನಾನು ಸಂಯೋಜಕನಾಗಿದ್ದಾಗ, ಜಗಳೂರು ಕಡೆಯ ಹಿರಿಯ ರೈತರೊಬ್ಬರ ಸೆನ್ಸರು ರಾತ್ರಿ ಹತ್ತು ಗಂಟೆಗೆ ನನ್ನ ಮೊಬೈಲಿನಲ್ಲಿ ಕೂಗಿಕೊಂಡಿತು: ಸಕ್ಕರೆ 72, ಬಾಣ ಕೆಳಮುಖ, ಅಂದರೆ ಇನ್ನೂ ಇಳಿಯುತ್ತಿದೆ.

ಹಿಂದಿನ ವಾರವೂ ಹೀಗೆಯೇ ನಡುರಾತ್ರಿ 55 ತೋರಿಸಿತ್ತು. ಗಾಬರಿಯಿಂದ ಬೆರಳು ಚುಚ್ಚಿಸಿದರೆ 118 ಬಂದಿತ್ತು. ಅವರು ಸೆನ್ಸರಿದ್ದ ಎಡತೋಳನ್ನು ಅಡಿಗೆ ಹಾಕಿಕೊಂಡು ಮಲಗಿದ್ದರು, ಒತ್ತಡಕ್ಕೆ ಸೆನ್ಸರು ಸುಳ್ಳು ಅಂಕಿ ತೋರಿಸಿತ್ತು, ಅಷ್ಟೇ. ಆ ಮುಜುಗರ ಇನ್ನೂ ಹಸಿಯಾಗಿದ್ದುದರಿಂದ ನಾನು ಅವರ ಮಗನಿಗೆ ಫೋನಿನಲ್ಲಿ, "ಅಪ್ಪಾಜಿಯವರನ್ನ ಬಲಮಗ್ಗುಲಿಗೆ ಹೊರಳಿಸ್ರಿ, ಹತ್ತು ನಿಮಿಷ ನೋಡೋಣ" ಎಂದೆ. ಇನ್ಸುಲಿನ್ ಎಷ್ಟು ಕೊಟ್ಟಿರಿ ಎಂದೂ ಕೇಳಿದೆ. "ಇಪ್ಪತ್ತೇ ಸರ್, ಯಾವಾಗ್ಲೂ ಕೊಡೋ ಅಷ್ಟೇ."

ಆ ಹತ್ತು ನಿಮಿಷಗಳನ್ನು ನಾನು ಇಂದಿಗೂ ಎಣಿಸುತ್ತೇನೆ. ಸೆನ್ಸರು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಸಕ್ಕರೆ ವೇಗವಾಗಿ ಇಳಿಯುವಾಗ ರಕ್ತದಲ್ಲಿರುವುದು ಪರದೆಯ ಅಂಕಿಗಿಂತ ಇನ್ನೂ ಕಡಿಮೆ ಎಂದು ತರಬೇತಿಯಲ್ಲಿ ಪಾಠ ಹೇಳುತ್ತಿದ್ದವನೇ ನಾನು. ಪರದೆ 58ಕ್ಕೆ ಇಳಿದ ಮೇಲೆ ಬೆರಳು ಚುಚ್ಚಿಸಿದೆ: 46. ಹಿರಿಯರು ಬೆವರಿನಲ್ಲಿ ತೊಯ್ದಿದ್ದರೂ ನುಂಗುವಷ್ಟು ಎಚ್ಚರವಿದ್ದರು. ಮೂರು ಚಮಚ ಸಕ್ಕರೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ನೋಡಿದಾಗ 63, ಮತ್ತೆ ಸಕ್ಕರೆ.

ಆಮೇಲಷ್ಟೇ, ಚುಚ್ಚಿದ ಸಾಮಾನನ್ನು ವಿಡಿಯೋದಲ್ಲಿ ತೋರಿಸಲು ಹೇಳಿದೆ. ಮಗ ಎತ್ತಿ ಹಿಡಿದದ್ದು ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಸೂಜಿ ಮುಗಿದಿದ್ದರಿಂದ, ಹಳೆಯ ಇನ್ಸುಲಿನ್ ಬಾಟಲಿಯ ಕಾಲದ ಸಿರಿಂಜನ್ನು ಪೆನ್ನಿನೊಳಗಿನ ಇನ್ಸುಲಿನ್ ಕೊಳವೆಯಾದ ಕಾರ್ಟ್ರಿಜ್‌ನ ರಬ್ಬರಿಗೆ ಚುಚ್ಚಿ ಇಪ್ಪತ್ತರ ಗೆರೆಯವರೆಗೆ ಎಳೆದಿದ್ದರು. ಆ ಸಿರಿಂಜಿನ ಗೆರೆಗಳು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಕಾರ್ಟ್ರಿಜ್‌ನಲ್ಲಿರುವುದು 100. ಆ ಇಪ್ಪತ್ತರ ಗೆರೆ ಎಂದರೆ ಅರ್ಧ ಮಿಲಿಲೀಟರ್, ಅಂದರೆ ದೇಹಕ್ಕೆ ಹೋದದ್ದು 50 ಯೂನಿಟ್. ಅದೂ ಬೆಳಗಿನವರೆಗೆ ಕೆಲಸ ಮಾಡುವ ಮಿಶ್ರ ಇನ್ಸುಲಿನ್ ಆದ್ದರಿಂದ ಸಕ್ಕರೆ ನೀರನ್ನು ನಂಬಿ ಕೂರುವಂತಿರಲಿಲ್ಲ. 108ಕ್ಕೆ ಕರೆ ಮಾಡಿಸಿದೆ. ಡ್ರಿಪ್ ಹಾಕಿದ ಮೇಲೆ ಬೆಳಗಿನ ಜಾವಕ್ಕೆ ಅವರು ಚಹಾ ಕೇಳಿದರಂತೆ.

ದಿನಕ್ಕೆರಡು ಬಾರಿ ಚುಚ್ಚಿಕೊಳ್ಳುವವರಿಗೆ ನಮ್ಮ ಸ್ಟೋರಿನವರು ತಿಂಗಳಿಗೆ 30 ಸೂಜಿ ಎಣಿಸಿ ಕೊಡುತ್ತಿದ್ದರು, ಆ ಲೆಕ್ಕಕ್ಕೆ ನಾನೂ ಸಹಿ ಹಾಕಿದ್ದೆ. ಮೇಲಿನವರು ವಿವರಣೆಯನ್ನು ಮೂರು ಪ್ರತಿಗಳಲ್ಲಿ ಕೇಳಿದರೇ ಹೊರತು ಸೂಜಿಯ ಸುದ್ದಿ ಎತ್ತಲಿಲ್ಲ. ನಮೂನೆಯಲ್ಲಿ 'ಎಷ್ಟು ಯೂನಿಟ್' ಎಂಬ ಅಂಕಣವೊಂದೇ ಇತ್ತು; ಅದರ ಪಕ್ಕದಲ್ಲಿ 'ಯಾವುದರಿಂದ ಚುಚ್ಚಿದ್ದು' ಎಂದು ನಾನೇ ಪೆನ್ನಿನಿಂದ ಗೆರೆ ಎಳೆದು ಬರೆದುಕೊಂಡೆ.