ಅಪ್ಪ ಓದದ ಕತೆ

ರಾತ್ರಿ ಎರಡು ಗಂಟೆಗೆ ಓದಿ ಮುಗಿಸಿದೆ, ಖಾಲಿದ್ ಹುಸೇನಿಯ ‘ದಿ ಕೈಟ್ ರನ್ನರ್’. 2003ರ ಕಾದಂಬರಿ, ನನ್ನ ಕೈಗೆ ಸಿಕ್ಕಿದ್ದು ಈಗ. ಹಾಸನದಲ್ಲಿ ಮಳೆ ಬಿಟ್ಟೇ ಇರಲಿಲ್ಲ, ನನಗೆ ನಿದ್ದೆಯೂ ಬರಲಿಲ್ಲ.

ಕಾಬೂಲಿನ ಇಬ್ಬರು ಹುಡುಗರು. ಅಮೀರ್ ಸಾಹುಕಾರನ ಮಗ, ಹಸನ್ ಆ ಮನೆಯ ಆಳಿನ ಮಗ. ಗುಡ್ಡದ ಮೇಲಿನ ದಾಳಿಂಬೆ ಮರದ ಕೆಳಗೆ ಕೂತು ಅಮೀರ್ ಕತೆ ಓದಿ ಹೇಳ್ತಾನೆ, ಅಕ್ಷರ ಬಾರದ ಹಸನ್ ಕಣ್ಣರಳಿಸಿ ಕೇಳ್ತಾನೆ. 1975ರ ಚಳಿಗಾಲದ ಗಾಳಿಪಟದ ಪಂದ್ಯದ ದಿನ ಒಂದು ಓಣಿಯಲ್ಲಿ ನಡೆಯೋದನ್ನ ಇಲ್ಲಿ ಹೇಳಲ್ಲ. ಮನಸ್ಸು ಗಟ್ಟಿ ಮಾಡ್ಕೊಂಡು ಓದಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆ ಜಾಗ. ಅಮೀರ್ ತಾನು ಬರೆದ ಮೊದಲ ಕತೆಯನ್ನ ಅಪ್ಪನ ಹತ್ತಿರ ಒಯ್ತಾನೆ. ಅಪ್ಪ ಓದೋದಿಲ್ಲ. ಓದೋದು ಅಪ್ಪನ ಸ್ನೇಹಿತ.

ಎಂಟನೇ ಕ್ಲಾಸಲ್ಲಿ ನಾನೂ ಒಂದು ಕತೆ ಬರೆದು ಹಿಡ್ಕೊಂಡು ಹೋಗಿದ್ದೆ. ಅಪ್ಪ ಜಗಲಿ ಮೇಲೆ ಆಲೂಗಡ್ಡೆ ಮೂಟೆ ಹೊಲೀತಿದ್ರು. ದಬ್ಬಣ ಕೆಳಗಿಡಲಿಲ್ಲ. “ಆಮೇಲೆ ನೋಡ್ತೀನಿ ಕಣೋ” ಅಂದ್ರು. ಬೆರಳ ತುದಿಯೆಲ್ಲ ಕೆಮ್ಮಣ್ಣು. ಆ ಸಲ ರೇಟು ಬಿದ್ದುಹೋಗಿತ್ತು ಅನ್ನೋದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಬೆಳಿಗ್ಗೆ ಊರಿಗೆ ಫೋನ್ ಮಾಡಿದೆ. ಮಳೆ, ಬೆಳೆ, ಮೊಣಕಾಲು ನೋವು, ಇಷ್ಟೇ ಮಾತಾಡಿದ್ವಿ. ಇಡೋಕೆ ಇಬ್ಬರಿಗೂ ಮನಸ್ಸಿರಲಿಲ್ಲ.

ದಯವಿಟ್ಟು ಓದಿ. ಹಾಸನದಲ್ಲಿರೋರು ಕೇಳಿದ್ರೆ ನನ್ನ ಪ್ರತಿಯನ್ನೇ ಕೊಡ್ತೀನಿ.